ಸುಂದರಬಾಯಿಯ ಎಡಗಣ್ಣು

ನಿಂಬರ್ಗಾದ ಕೆಳಗಿನ ಓಣಿಯಲ್ಲಿ ಯಾರ ಮನೆಯ ತೊಗರಿಬೀಜವೇ ಇರಲಿ, ಹೊಲಕ್ಕೆ ಹೋಗುವ ಮೊದಲು ಸುಂದರಬಾಯಿಯ ಮೊರಕ್ಕೆ ಬಂದು ಹೋಗಬೇಕಿತ್ತು. ಕಂಪನಿಯ ಬೀಜದ ಚೀಲಕ್ಕೆ ಮನಸೋಲದೆ ಮನೆಯ ಬೀಜವನ್ನೇ ನೆಚ್ಚಿಕೊಂಡ ಹತ್ತೆಂಟು ಮನೆಗಳು ಇನ್ನೂ ಇದ್ದವು. ಬೇಸಿಗೆಯ ಕೊನೆಗೆ ಆ ಮನೆಗಳ ಹೆಂಗಸರು ಒಂದೊಂದು ಬುಟ್ಟಿ ಹೊತ್ತು ಅವಳ ಕಟ್ಟೆಗೆ ಬರುತ್ತಿದ್ದರು. ಹುಳ ಕಚ್ಚಿದ್ದು, ಸುಕ್ಕು ಬಿದ್ದದ್ದು, ಬಲಿಯದೇ ಉಳಿದದ್ದು, ಒಂದನ್ನೂ ಬಿಡದೆ ಹೆಕ್ಕಿ ಎಸೆಯುವವಳು ಅವಳು. ಕನ್ನಡಕ ಬಂದು ಹತ್ತು ವರ್ಷವಾಗಿತ್ತು, ಆದರೂ ಸೂಜಿಯ ಮೊನೆಯಷ್ಟು ತೂತು ಅವಳ ಕಣ್ಣು ತಪ್ಪಿಸಿಕೊಂಡು ಹೋಗುತ್ತಿರಲಿಲ್ಲ.

ಕಣ್ಣಿಗಿಂತ ಬಾಯಿ ಚುರುಕು. ಬೀಜ ಕೆಟ್ಟಿದ್ದರೆ ತಂದವಳ ಸಂಸಾರವನ್ನೇ ಕೆದಕಿ ಬಿಡುತ್ತಿದ್ದಳು. ಗಂಡ ದೌಲತರಾಯ ಮೆದು ಮನುಷ್ಯ, ಹೆಂಡತಿ ದನಿ ಏರಿಸಿದಳೆಂದರೆ ಹೊಲದಲ್ಲಿ ಏನೋ ಮರೆತದ್ದು ನೆನಪಾಗಿ ಎದ್ದು ಹೋಗುತ್ತಿದ್ದ. ಮಗ ಅನೀಲಕುಮಾರ ಆಳಂದದ ಗ್ಯಾರೇಜಿನಲ್ಲಿ ಕೆಲಸ ಮುಗಿಸಿ ಸಂಜೆಗೆ ಬರುವವನು. ಹಗಲೆಲ್ಲ ಆ ಬಾಯಿಗೆ ಸಿಗುತ್ತಿದ್ದವಳು ಸೊಸೆ ಭುವನೇಶ್ವರಿ ಒಬ್ಬಳೇ. ಅವಳು ಹೇಗೆ ತಡೆದುಕೊಂಡಳು ಎಂದು ಓಣಿಯವರು ಕೇಳುತ್ತಿದ್ದರು, ತಡೆದುಕೊಂಡಳು, ಅಷ್ಟೆ.

ಸುಂದರಬಾಯಿಯ ತವರು ಅಂದೋಲಾ. ಮಠದ ಊರಿನ ಮಗಳು ಎಂಬ ಹೆಮ್ಮೆ ಅವಳಿಗೆ ಎಂದೂ ಇಳಿಯಲಿಲ್ಲ. ಏಳು ವರ್ಷದವಳಿದ್ದಾಗ ಅಪ್ಪ ಎದುರಿಗೆ ಕೂರಿಸಿಕೊಂಡು ಲಿಂಗಪೂಜೆ ಕಲಿಸಿದ್ದ. ಕೊರಳ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟು, ವಿಭೂತಿ ಹಚ್ಚಿ, ಪತ್ರಿ ಏರಿಸಿ, ಆಮೇಲೆ ನೋಟವನ್ನು ಲಿಂಗದ ಮೇಲೆ ನೆಟ್ಟು ಕೂರುವುದು. ಪಕ್ಕದ ದೀಪದ ಬೆಳಕು ಲಿಂಗದ ಕರಿ ಮೈಯಲ್ಲಿ ಸಾಸಿವೆ ಕಾಳಿನಷ್ಟು ಹೊಳೆಯುತ್ತದೆ; ಆ ಹೊಳಪನ್ನು ಹಿಡಿದು ಕೂತರೆ ರೆಪ್ಪೆ ಬಡಿಯಬಾರದು. "ನೆದರ ಕದಲಬಾರದವ್ವಾ," ಎನ್ನುತ್ತಿದ್ದ ಅಪ್ಪ. ಐವತ್ತು ವರ್ಷ ಅವಳ ನೆದರು ಕದಲಲಿಲ್ಲ. ಪೂಜೆ ಮುಗಿಯುವವರೆಗೆ ಒಂದು ಗುಟುಕು ನೀರೂ ಗಂಟಲಿಗೆ ಇಳಿಯುತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಒಂದು ಚಳಿಗಾಲದ ಸಂಜೆ ಒಳಕೋಣೆಯ ಮಬ್ಬಿನಲ್ಲಿ ತಲೆ ಬಗ್ಗಿಸಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಾಗ ಅವಳ ಬಲಗಣ್ಣು ಸಿಡಿಯತೊಡಗಿತು. ಬಲ್ಬಿನ ಸುತ್ತ ಬಣ್ಣದ ಬಳೆ ಕಂಡಿತು. ಖಾರದ ಕೈ ತಗುಲಿತೇನೋ ಎಂದು ತೊಳೆದುಕೊಂಡಳು. ಅರ್ಧ ತಾಸಿಗೆ ತಲೆಯ ಅರ್ಧಭಾಗವೇ ಒಡೆಯುವಂತಾಗಿ ವಾಂತಿ ಶುರುವಾಯಿತು. ವಾಂತಿ ಎಂದ ಕೂಡಲೇ ಮನೆಯವರೆಲ್ಲ ಕಣ್ಣನ್ನು ಮರೆತು ಹೊಟ್ಟೆಯನ್ನು ಹಿಡಿದುಕೊಂಡರು. "ಪಿತ್ತ ಕೆರಳ್ಯಾದ," ಎಂದ ದೌಲತರಾಯ. ನಿಂಬೆ ಹಿಂಡಿ ಕುಡಿಸಿದರು. ಊರಿನ ಇಂಜೆಕ್ಷನ್ ಮಾಡುವವನು ಬಂದು ವಾಂತಿ ನಿಲ್ಲಲಿಕ್ಕೆಂದು ಸೂಜಿ ಚುಚ್ಚಿ ಹೋದ. ಹೀಗೆ ಎರಡು ದಿನ ಪಿತ್ತಕ್ಕೆ ಖರ್ಚಾದವು. ಕಲಬುರ್ಗಿಯ ಕಣ್ಣಿನ ದವಾಖಾನೆ ಮುಟ್ಟುವ ಹೊತ್ತಿಗೆ ಬಲಗಣ್ಣಿಗೆ ಎದುರಿಗೆ ಹಿಡಿದ ಬೆರಳು ನೆರಳಿನಂತೆ ಕಾಣುತ್ತಿತ್ತು, ಅಷ್ಟೆ.

ಅಲ್ಲಿಯ ಡಾಕ್ಟರು ಗೌಸಿಯಾಬೇಗಂ. ಗುಳಿಗೆ, ಸಲಾಯಿನ್ ಎಲ್ಲ ಕೊಟ್ಟು ಮೊದಲು ಕಣ್ಣಿನ ಒತ್ತಡ ಇಳಿಸಿದರು. ಆಮೇಲೆ ಎರಡೂ ಕಣ್ಣಿಗೆ ಲೇಸರ್ ಮಾಡಿದರು. ನೋವು ನಿಂತಿತು. ಸುಂದರಬಾಯಿ ಆ ಹೆಂಗಸಿನ ಕೈ ಹಿಡಿದು ಹಣೆಗೆ ಒತ್ತಿಕೊಂಡಳು.

"ಪೂರಾ ಕೇಳ್ರಿ ಅಮ್ಮಾ," ಎಂದರು ಡಾಕ್ಟರು, ಕೈ ಬಿಡಿಸಿಕೊಳ್ಳದೆ. "ಕಣ್ಣಿನ ಒಳಗ ನೀರು ಹುಟ್ಟತಿರ್ತದ, ಹರದು ಹೋಗತಿರ್ತದ. ನಿಮ್ಮ ಬಲಗಣ್ಣಾಗ ಹೋಗೋ ಹಾದಿ ಒಮ್ಮೆಲೇ ಮುಚ್ಚಿತು, ಒತ್ತಡ ಏರಿ ನರ ಸತ್ತದ. ಅದು ತಿರುಗಿ ಬರಂಗಿಲ್ಲ. ಈಗ ಉಳದದ್ದು ಎಡಗಣ್ಣು. ಲೇಸರ್‌ಲೆ ಅದಕ್ಕೊಂದು ಸಣ್ಣ ತೂತು ಮಾಡೀನಿ, ಇನ್ನ ಒಮ್ಮೆಲೇ ಹಂಗ ಬಂದ್ ಆಗಂಗಿಲ್ಲ. ಆದ್ರ ಅದರ ಹಾದೀನೂ ಅರ್ಧ ಅಂಟಿಕೊಂಡದ. ಲೇಸರ್ ಆದ್ರೂ ಒತ್ತಡ ಏರೇ ಅದ. ಅದಕ್ಕ ಮುಂಜಾನಿ ಒಂದು ಹನಿ, ರಾತ್ರಿ ಒಂದು ಹನಿ, ಜೀವ ಇರೋತನಕ. ಮೂರು ತಿಂಗಳಿಗೊಮ್ಮೆ ಬಂದು ಒತ್ತಡ ತೋರಸ್ಬೇಕು."

"ಬ್ಯಾನಿ ಹೋಗ್ಯಾದಲ್ಲರಿ ಡಾಕ್ಟರಬಾಯಿ."

"ಬ್ಯಾನಿ ಇಲ್ಲಂದ್ರ ಒತ್ತಡ ಇಲ್ಲಂತ ಅಲ್ಲ. ಸಾವಕಾಶ ಏರಿದ್ರ ಗೊತ್ತೇ ಆಗಂಗಿಲ್ಲ."

ಈ ಕೊನೆಯ ಮಾತು ಭುವನೇಶ್ವರಿಯ ಕಿವಿಗೆ ಬಿತ್ತು. ಸುಂದರಬಾಯಿಯ ಕಿವಿಗೆ ಬಿದ್ದಿದ್ದರೂ ತಲೆಗೆ ಹೋಗಲಿಲ್ಲ. ಎರಡು ದಿನ ನರಕ ಕಂಡವಳಿಗೆ ರೋಗವೆಂದರೆ ನೋವು, ನೋವೆಂದರೆ ರೋಗ.

ಮೊದಲ ವರ್ಷ ಎಲ್ಲವೂ ಸರಿಯಾಗಿ ನಡೆಯಿತು. ಭುವನೇಶ್ವರಿ ಮುಂಜಾನೆ ಪೂಜೆಯಾದ ಮೇಲೆ ಒಂದು ಹನಿ, ರಾತ್ರಿ ಊಟವಾದ ಮೇಲೆ ಒಂದು ಹನಿ ಹಾಕುತ್ತಿದ್ದಳು. ತಿಂಗಳಿಗೊಂದು ಶೀಶೆ. ಮೂರು ತಿಂಗಳಿಗೊಮ್ಮೆ ಕಲಬುರ್ಗಿಯ ಬಸ್ಸು. ನಾಲ್ಕನೆಯ ಸಲ ಹೋದಾಗ ಒತ್ತಡ ಹದಿನಾರಕ್ಕೆ ಇಳಿದಿತ್ತು. ಡಾಕ್ಟರು ಸಂತೋಷದಿಂದ, "ಚಲೋ ಅದರಿ ಅಮ್ಮಾ, ಹಿಂಗೇ ನಡೀಲಿ," ಎಂದರು. ಹನಿ ಹೀಗೇ ನಡೆಯಲಿ ಎಂದು ಅವರು ಹೇಳಿದ್ದು. ಕಣ್ಣು ನೆಟ್ಟಗಾಯಿತು ಎಂದು ಇವಳು ತಿಳಿದದ್ದು.

ಮುಂದೆ ಶ್ರಾವಣ ಬಂತು. ಶ್ರಾವಣದಲ್ಲಿ ಸುಂದರಬಾಯಿಯ ಪೂಜೆ ಒಂದು ತಾಸು ಹೆಚ್ಚು. ಪೂಜೆಯಾದ ಮೇಲೆ ಹನಿ ಹಾಕುವುದು ತಡವಾಗುತ್ತದೆಂದು ಭುವನೇಶ್ವರಿ, "ಮೊದಲೇ ಹಾಕಿಬಿಡ್ತೇನಿರಿ ಅತ್ತಿ," ಎಂದಳು. ಹೊಟ್ಟೆಗಲ್ಲ, ಕಣ್ಣಿಗೆ ತಾನೆ ಎಂದು ಅತ್ತೆಯೂ ಒಪ್ಪಿದಳು. ಹನಿ ಚುರಚುರ ಉರಿಯಿತು, ನೀರು ಬಂತು. ಅಂಗೈಯಲ್ಲಿ ಲಿಂಗ ಕಲಸಿಹೋಯಿತು. ದೀಪದ ಹೊಳಪು ಒಡೆದು ಎರಡಾಯಿತು. ಐವತ್ತು ವರ್ಷದಲ್ಲಿ ಮೊದಲ ಸಲ ಅವಳ ನೋಟ ಕದಲಿತು. ಸುಂದರಬಾಯಿಗೆ ಅದು ತಡೆಯಲಾರದ ಅವಮಾನವಾಯಿತು.

ಮರುದಿನ ಅವಳು ಶೀಶೆಯನ್ನು ತನ್ನ ಕೈಗೇ ಇಸಿದುಕೊಂಡಳು. "ನಾನೇ ಹಾಕ್ಕೋತೇನಿ ಬೇ, ನಿನಗ ನೂರೆಂಟು ಕೆಲಸ," ಎಂದಳು. ಹಾಕಿಕೊಳ್ಳಲಿಲ್ಲ. ಪೂಜೆಗೆ ಕೂತಳು. ಬಲಗಣ್ಣು ಮುಚ್ಚಿ ಎಡಗಣ್ಣಿನಿಂದಷ್ಟೇ ನೋಡಿದಳು. ಲಿಂಗ ನಿಚ್ಚಳವಾಗಿ ಕಂಡಿತು. ವಿಭೂತಿಯ ಮೂರು ಗೆರೆ, ಗೆರೆಗಳ ನಡುವಿನ ಕಪ್ಪು, ಅದರಲ್ಲಿ ಸಾಸಿವೆಯಷ್ಟು ಬೆಳಕು, ಎಲ್ಲವೂ ಇತ್ತು. ಹನಿ ಹಾಕಿದ ದಿನಕ್ಕಿಂತ ಹನಿ ಬಿಟ್ಟ ದಿನ ಲಿಂಗ ಚೆನ್ನಾಗಿ ಕಾಣುತ್ತದೆ ಎಂದ ಮೇಲೆ ಇನ್ನು ಯಾರ ಸಾಕ್ಷಿ ಬೇಕು?

ಶ್ರಾವಣ ಮುಗಿಯಿತು. ಹನಿ ತಿರುಗಿ ಬರಲಿಲ್ಲ, ರಾತ್ರಿಯದೂ ಹೋಯಿತು. ದಿನವೂ ಮುಂಜಾನೆ ಬಲಗಣ್ಣು ಮುಚ್ಚಿ ಲಿಂಗ ನೋಡುವುದೇ ಅವಳ ತಪಾಸಣೆಯಾಯಿತು. ಸೊಸೆಯ ಕೂಡ ವಾದ ಬೇಡವೆಂದು, ಹಿತ್ತಿಲ ದಾಸವಾಳದ ಬುಡಕ್ಕೆ ದಿನಕ್ಕೆರಡು ಹನಿ ಲೆಕ್ಕವಾಗಿ ಹಿಂಡುತ್ತಿದ್ದಳು. ಶೀಶೆ ತಿಂಗಳಿಗೆ ಸರಿಯಾಗಿ ಖಾಲಿಯಾಗುತ್ತಿತ್ತು, ಭುವನೇಶ್ವರಿ ಹೊಸದು ತರಿಸುತ್ತಿದ್ದಳು. ಕಲಬುರ್ಗಿಗೆ ಹೋಗೋಣ ಎಂದರೆ ಈ ತಿಂಗಳು ರಾಶಿ, ಮುಂದಿನ ತಿಂಗಳು ತವರಿನಲ್ಲಿ ಲಗ್ನ, ಆಮೇಲೆ ಬಿಸಿಲು. ಮಗ ಗದರಿದರೆ, "ನನ್ನ ಕಣ್ಣು ನನಗ ಗೊತ್ತಿಲ್ಲೇನು?" ಎನ್ನುತ್ತಿದ್ದಳು. ಅವಳನ್ನು ಎತ್ತಿಕೊಂಡು ಬಸ್ಸಿಗೆ ಹಾಕುವ ಧೈರ್ಯ ಆ ಮನೆಯ ಗಂಡಸರಿಬ್ಬರಿಗೂ ಇರಲಿಲ್ಲ.

ಈಗ ಕೂತು ಅವಳನ್ನು ಮೂರ್ಖಳು ಎನ್ನುವುದು ಸುಲಭ. ಆದರೆ ಅವಳು ಸುಮ್ಮನೆ ನಂಬಿದವಳಲ್ಲ, ದಿನವೂ ಪರೀಕ್ಷೆ ಮಾಡಿ ನಂಬಿದವಳು. ಪರೀಕ್ಷೆಯೇ ತಪ್ಪಾಗಿತ್ತು. ಈ ರೋಗ ನೋಟದ ನಡುಭಾಗವನ್ನು ಕೊನೆಗೆ ಇಟ್ಟುಕೊಂಡು ಸುತ್ತಲಿನ ಅಂಚಿನಿಂದ ತಿನ್ನುತ್ತ ಬರುತ್ತದೆ. ಸುಂದರಬಾಯಿ ದಿನವೂ ನೋಡಿದ್ದು ನಡುಭಾಗವನ್ನೇ.

ವರ್ಷ ಕಳೆಯುವಷ್ಟರಲ್ಲಿ ಮನೆಯಲ್ಲಿ ತಂಬಿಗೆಗಳು ಉರುಳತೊಡಗಿದವು. ಎಡಗೈ ಪಕ್ಕ ಇಟ್ಟ ಚಹಾ ಚೆಲ್ಲುತ್ತಿತ್ತು. "ಎಲ್ಲೆಂದರಲ್ಲಿ ಇಡ್ತಿ," ಎಂದು ಅವಳು ಸೊಸೆಯನ್ನೇ ಬೈಯುತ್ತಿದ್ದಳು. ಬಾಗಿಲ ಚೌಕಟ್ಟಿಗೆ ತೋಳು ಬಡಿದು ಬಡಿದು ಕಪ್ಪಾಯಿತು. ಎದುರು ಮನೆಯ ತುಳಜಾಬಾಯಿ, ಅವಳ ಮೂವತ್ತು ವರ್ಷದ ಗೆಳತಿ, ಓಣಿಯಲ್ಲಿ ಪಕ್ಕದಿಂದಲೇ ಹಾದು ನಕ್ಕರೂ ಇವಳು ಮಾತಾಡಿಸಲಿಲ್ಲ. ಮೂರು ಸಲ ಹೀಗಾದ ಮೇಲೆ ತುಳಜಾಬಾಯಿ ಕಟ್ಟೆಗೇ ಬಂದು ನಿಂತಳು.

"ಏನ ಬೇ, ಅಷ್ಟ ಸೊಕ್ಕು ಬಂತೇನು? ಮಾರಿ ನೋಡಿನೂ ಮಾತಾಡಂಗಿಲ್ಲ?"

"ಕಳ್ಳರಂಗ ಬಾಜೂಕ ಬಂದ್ರ ಯಾರಿಗಿ ಕಾಣ್ತದ? ಎದುರಿಗಿ ಬಂದು ಮಾತಾಡು."

ತುಳಜಾಬಾಯಿ ಆ ದಿನದಿಂದ ಬರುವುದನ್ನೇ ಬಿಟ್ಟಳು. ಸುಂದರಬಾಯಿ ಕಟ್ಟೆಯ ಮೇಲೆ ಕೂತು ಎದುರು ಬಾಗಿಲನ್ನೇ ನೋಡುತ್ತಿದ್ದರೂ ಬಾಯಿಬಿಟ್ಟು ಕರೆಯಲಿಲ್ಲ.

ಬೀಜದ ಕೆಲಸ ಮಾತ್ರ ನಡೆದೇ ಇತ್ತು. ಹುಳದ ತೂತು ಮೊದಲಿನಂತೆಯೇ ಕಾಣುತ್ತಿತ್ತು. ಆದರೆ ಮೊರದ ಅಂಚಿಗೆ ಸರಿದ ಕಾಳು ಅಲ್ಲಿಯೇ ಉಳಿಯುತ್ತಿತ್ತು. ಬುಟ್ಟಿ ಒಯ್ದವರು ಮನೆಯಲ್ಲಿ ಸುರುವಿ ನೋಡಿ, ಸುಂದರಬಾಯಿಗೆ ವಯಸ್ಸಾಯಿತು ಎಂದುಕೊಂಡು ಸುಮ್ಮನಾದರು. ಅವಳ ಮುಂದೆ ಹೇಳುವವರು ಯಾರು?

ಆ ನಡುವೆ ಊರಿನ ಶಾಲೆಯಲ್ಲಿ ಕಣ್ಣಿನ ಶಿಬಿರ ನಡೆಯಿತು. ಆರೋಗ್ಯ ಕೇಂದ್ರದ ಸೀಮಾ ಎಂಬ ಹುಡುಗಿ ಗೋಡೆಗೆ ಪಟ ತೂಗುಹಾಕಿದ್ದಳು. ಸುಂದರಬಾಯಿ ಕನ್ನಡಕ ಏರಿಸಿ, ಬಲಗಣ್ಣು ಮುಚ್ಚಿ, ಇರುವೆಯಂಥ ಗುರುತುಗಳಿದ್ದ ಕೊನೆಯ ಸಾಲನ್ನೂ ತಪ್ಪಿಲ್ಲದೆ ಹೇಳಿದಳು. ಇಪ್ಪತ್ತು ಜನ ನೋಡುತ್ತಿದ್ದರು. ಅವಳ ಮುಖ ಅರಳಿತು.

ಸೀಮಾ ಅವಳ ಹಳೆಯ ಚೀಟಿ ತಿರುವಿ ಹಾಕಿ, "ಒತ್ತಡ ಯಾವಾಗ ತೋರಿಸೀರಿ ಅಜ್ಜಿ? ವರ್ಷದ ಮ್ಯಾಲ ಆಗ್ಯಾದಲ್ಲ. ಇಲ್ಲಿ ಆ ಯಂತ್ರ ಇಲ್ಲರಿ, ಈ ವಾರನೇ ಕಲಬುರ್ಗಿಗಿ ಹೋಗ್ರಿ," ಎಂದಳು.

"ಕಡೀ ಸಾಲು ಓದೀನಿ, ಇನ್ನೇನ ಓದಸ್ತಿ ನನ್ನ ಕಡಿಂದ?" ಎಂದು ಸುಂದರಬಾಯಿ ಸೆರಗು ಕೊಡವಿ ಎದ್ದಳು. ಏಳುವಾಗ ಪಕ್ಕದ ಬೆಂಚಿಗೆ ಮೊಣಕಾಲು ಬಡಿಯಿತು. ಯಾರೋ ನಕ್ಕರು.

ಅದಾಗಿ ಎಂಟು ತಿಂಗಳಿಗೆ, ಒಂದು ಸೋಮವಾರದ ಮುಂಜಾನೆ, ಅವಳು ಪೂಜೆಯಲ್ಲಿ ಕೂತಿದ್ದಳು. ಅಂಗೈಯಲ್ಲಿ ಲಿಂಗ ನಿಚ್ಚಳವಾಗಿತ್ತು. ಸುಟ್ಟ ಬಟ್ಟೆಯ ವಾಸನೆ ಬಂತು. ಸೊಸೆ ಒಲೆಯ ಮೇಲೆ ಅರಿವೆ ಸುಟ್ಟಳು ಎಂದುಕೊಂಡಳು. ಪೂಜೆಯ ನಡುವೆ ಮಾತಾಡುವಂತಿಲ್ಲ, ನೋಟ ಕದಲಿಸುವಂತಿಲ್ಲ. ಆಮೇಲೆ ತೋಳಿಗೆ ಬಿಸಿ ಹತ್ತಿತು. ಅದೇ ಹೊತ್ತಿಗೆ ಭುವನೇಶ್ವರಿ ಚೀರುತ್ತ ಓಡಿಬಂದು ಕೊಡದ ನೀರನ್ನೆಲ್ಲ ಅವಳ ಮೈಮೇಲೆ ಸುರಿದಳು. ಎಡಪಕ್ಕದ ದೀಪದಿಂದ ಸೆರಗು ಹತ್ತಿಕೊಂಡು, ಬೆಂಕಿ ಮೊಣಕೈಯವರೆಗೆ ಏರಿತ್ತು.

"ದೀಪ ಬಾಜೂಕೇ ಇತ್ತಲ್ಲರಿ ಅತ್ತಿ! ಉರಿ ಇಷ್ಟೆತ್ತರ ಎದ್ದಿತ್ತು! ಕಾಣಲಿಲ್ಲೇನ್ರಿ?"

ಕಂಡಿರಲಿಲ್ಲ. ಒಂದು ಗೇಣು ದೂರದ ಬೆಂಕಿ ಅವಳಿಗೆ ಕಂಡಿರಲಿಲ್ಲ. ನೀರು ಸೋರುತ್ತ ಕೂತಿದ್ದ ಸುಂದರಬಾಯಿ ಬೆರಳು ಎತ್ತಿ ಮುಖದ ಎಡಕ್ಕೆ ಹಿಡಿದಳು, ಬಲಕ್ಕೆ ಹಿಡಿದಳು, ಮೇಲೆ ಹಿಡಿದಳು. ಎಲ್ಲಿಯೂ ಬೆರಳಿರಲಿಲ್ಲ. ಮೂಗಿನ ನೇರಕ್ಕೆ ತಂದಾಗ ಕಂಡಿತು.  

ತೋಳಿಗೆ ಮುಲಾಮು ಹಚ್ಚಿಸಿಕೊಂಡು ಅದೇ ದಿನ ಕಲಬುರ್ಗಿಗೆ ಹೋದರು. ಒಂದು ಕತ್ತಲ ಕೋಣೆಯಲ್ಲಿ ಬಿಳಿ ಬೋಗುಣಿಯಂಥ ಯಂತ್ರದ ಮುಂದೆ ಅವಳ ಗದ್ದ ಇರಿಸಿ ಕೈಗೊಂದು ಗುಂಡಿ ಕೊಟ್ಟರು. ನಡುವಿನ ಚುಕ್ಕಿಯನ್ನೇ ನೋಡಬೇಕು, ಸುತ್ತ ಎಲ್ಲಿ ಬೆಳಕು ಮಿಂಚಿದರೂ ಗುಂಡಿ ಒತ್ತಬೇಕು. ನೋಟ ನೆಟ್ಟು ಕೂರುವುದನ್ನು ಅವಳಿಗೆ ಹೇಳಿಕೊಡಬೇಕೆ? ಕೂತಳು. ಎರಡು ಸಲ, ಮೂರು ಸಲ ನಡುವಿನ ಹತ್ತಿರ ಬೆಳಕು ಕಂಡಿತು, ಒತ್ತಿದಳು. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಯಂತ್ರ ಮಾತ್ರ ಟಿಕ್ ಟಿಕ್ ಎನ್ನುತ್ತಿತ್ತು.

"ತಮ್ಮಾ, ಮಶೀನ್ ಕೆಟ್ಟದೇನು? ಲೈಟೇ ಬರವಲ್ದು."

ಯಂತ್ರ ನಡೆಸುತ್ತಿದ್ದವನು ಪರದೆ ನೋಡುತ್ತಲೇ, "ಬರಾಕತ್ತಾವರಿ ಅವ್ವಾ. ನೀವು ಹಂಗೇ ನೋಡ್ತಿರ್ರಿ," ಎಂದ.

ಗೌಸಿಯಾಬೇಗಂ ಒತ್ತಡ ಅಳೆದರು. ಮೂವತ್ತೆಂಟು. ಅವರ ಹುಬ್ಬು ಗಂಟಾಯಿತು. "ಹನಿ ಬಿಟ್ಟೀರೇನ್ರಿ?"

"ಒಂದ ದಿನಾ ಬಿಟ್ಟಿಲ್ಲರಿ ಮೇಡಂ," ಎಂದಳು ಭುವನೇಶ್ವರಿ. "ತಿಂಗಳಾ ತಿಂಗಳಾ ಶೀಶೆ ನಾನೇ ತರಸ್ತೇನಿ. ಬರೋದು ಬಿಟ್ಟೀವಿ, ಖರೇ. ಹನಿ ಬಿಟ್ಟಿಲ್ಲ." ಹೇಳುತ್ತ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾ ಬರಾಬರಿ ನೋಡ್ಕೊಳ್ಳಲಿಲ್ಲ ಏನೋರಿ."

ಡಾಕ್ಟರು ತಲೆಯಾಡಿಸಿ, ಹನಿ ಹಾಕಿಯೂ ಇಷ್ಟಿದ್ದರೆ ಆ ಔಷಧಿ ಇವರಿಗೆ ಹಿಡಿಯುತ್ತಿಲ್ಲ, ಬೇರೆ ಬರೆಯುತ್ತೇನೆ ಎಂದು ಪೆನ್ನು ಎತ್ತಿಕೊಂಡರು. ಸುಂದರಬಾಯಿಗೆ ಸುಮ್ಮನಿದ್ದುಬಿಡುವ ದಾರಿ ಅಲ್ಲಿಯೂ ಇತ್ತು. ಸೊಸೆಯ ಬಿಕ್ಕು ಕೇಳಿಸಿತು. ಸೊಸೆ ಪಕ್ಕದಲ್ಲಿ ಕೂತಿದ್ದರಿಂದ ಮುಖ ಕಾಣಿಸಲಿಲ್ಲ.

"ಆಕೀದು ತಪ್ಪಿಲ್ಲರಿ," ಎಂದಳು. "ನಾನೇ ಹಾಕ್ಕೊಂಡಿಲ್ಲ. ಎರಡು ವರ್ಷಾತು. ದಾಸವಾಳದ ಬುಡಕ್ಕ ಹಾಕೀನಿ."

ಭುವನೇಶ್ವರಿ ಕುರ್ಚಿಯಿಂದ ಎದ್ದು ಗೋಡೆಯ ಕಡೆ ತಿರುಗಿ ನಿಂತಳು.

"ಯಾಕ್ರಿ ಅಮ್ಮಾ?" ಎಂದರು ಡಾಕ್ಟರು, ಬಹಳ ಮೆಲ್ಲಗೆ.

"ದಿನಾ ಲಿಂಗ ಕಾಣ್ತಿತ್ರಿ. ಸ್ವಚ್ಛ ಕಾಣ್ತಿತ್ತು. ಇವತ್ತೂ ಕಂಡದ."

ಡಾಕ್ಟರು ಯಂತ್ರದ ಕಾಗದವನ್ನು ಅವಳ ಮೂಗಿನ ನೇರಕ್ಕೆ ಹಿಡಿದರು. ಕಾಗದದ ವೃತ್ತ ಪೂರಾ ಕಪ್ಪು, ನಟ್ಟನಡುವೆ ಹುಣಸೆ ಬೀಜದಷ್ಟು ಬಿಳಿ. "ಈ ಬಿಳೀದಷ್ಟೇ ನಿಮ್ಮ ಕಣ್ಣಾಗ ಉಳದದ. ಲಿಂಗ ಹಿಡಿಯುವಷ್ಟು. ಅದಕ್ಕೇ ದಿನಾ ಕಂಡದ. ಸುತ್ತಿಂದು ಹೋಗ್ಯಾದ, ಅದು ಯಾರ ಕೈಯಿಂದನೂ ತಿರುಗಿ ಬರಂಗಿಲ್ಲ. ಇದಿಷ್ಟರೆ ಉಳಸೋಣು. ಆಪರೇಶನ್ ಮಾಡ್ತೇನಿ. ಅದಾದ ಮ್ಯಾಲೂ ಹನಿ ಬೇಕು. ಉಳದದ್ದು ಹೋಗೂದಿಲ್ಲಂತ ನಾ ಹೇಳಂಗಿಲ್ಲ."

ಆಪರೇಶನ್ ಆಯಿತು. ಒತ್ತಡ ಹನ್ನೆರಡಕ್ಕೆ ಇಳಿಯಿತು. ಊರಿಗೆ ಬಂದ ಮೇಲೆ ಸುಂದರಬಾಯಿ ಮೊರವನ್ನು ತಾನೇ ಜಂತಿಗೆ ಸಿಕ್ಕಿಸಿದಳು. ಬುಟ್ಟಿ ತಂದವರಿಗೆ, "ನನ್ನ ಕಣ್ಣು ಹೋಗ್ಯಾವ, ಬ್ಯಾರೆಯವರಿಗಿ ತೋರಸ್ರಿ," ಎಂದಳು. ಒಂದು ಮಧ್ಯಾಹ್ನ ಸೊಸೆಯ ಕೈ ಹಿಡಿದು ಓಣಿ ದಾಟಿ ತುಳಜಾಬಾಯಿಯ ಹೊಸ್ತಿಲಲ್ಲಿ ಕೂತು ಅತ್ತಳು. ತುಳಜಾಬಾಯಿ ಅವಳ ಎದುರಿಗೇ ಬಂದು ಕೂತಳು. ಭುವನೇಶ್ವರಿ ದಾಸವಾಳದ ಗಿಡ ಕಡಿದು ಹಾಕಿದಳು. ಅತ್ತೆಯನ್ನು ಅವಳು ಬೈದದ್ದು ಅಷ್ಟೇ.

ಈಗ ಮುಂಜಾನೆ ಮೊದಲು ಹನಿ, ಆಮೇಲೆ ಪೂಜೆ. ಹನಿ ಹಾಕುವುದು ಸೊಸೆ, ರೆಪ್ಪೆ ಒತ್ತಿ ಹಿಡಿಯುವುದೂ ಸೊಸೆ. ಎಣ್ಣೆಯ ದೀಪ ಹೋಗಿ, ಎದುರಿನ ಗೋಡೆಗೆ ಒಂದು ಬಲ್ಬು ಬಂದಿದೆ. ಸುಂದರಬಾಯಿ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ನೋಟ ನೆಡುತ್ತಾಳೆ. ಲಿಂಗ ಕಾಣುತ್ತದೆಯೇ ಎಂದು ಅವಳು ಈಗ ನೋಡುವುದಿಲ್ಲ. ನೋಟ ಕದಲಿಸದೆ, ಲಿಂಗದ ಅಂಚಿನಲ್ಲಿ ಕೈ ಎಷ್ಟು ಕಾಣುತ್ತದೆ ಎಂದು ನೋಡುತ್ತಾಳೆ. ಬೆರಳುಗಳು ಹೋಗಿ ಬಹಳ ದಿನವಾಯಿತು. ಹೆಬ್ಬೆರಳನ್ನು ಲಿಂಗಕ್ಕೆ ತಾಗಿಸಿ ಹಿಡಿದರೆ ಅದರ ಉಗುರು ಒಂದು ಕಾಣುತ್ತಿತ್ತು. ಪೂಜೆಯಾದ ಮೇಲೆ, "ಉಗುರು ಅದ," ಎಂದು ಸೊಸೆಗೆ ಹೇಳುವುದು ರೂಢಿಯಾಗಿತ್ತು.

ಕಳೆದ ಸೋಮವಾರ ಅವಳು ಪೂಜೆಯ ನಡುವೆಯೇ ಮಾತಾಡಿದಳು. ಐವತ್ತು ವರ್ಷದಲ್ಲಿ ಹಾಗೆ ಮಾಡಿರಲಿಲ್ಲ.

"ಭುವನಾ, ಲೈಟ್ ಹಚ್ಚು ಬೇ. ಉಗುರು ಕಾಣವಲ್ದು."

ಭುವನೇಶ್ವರಿ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಬಲ್ಬು ಉರಿಯುತ್ತಿತ್ತು. ಕಿಟಕಿಯಿಂದ ಬಿಸಿಲೂ ಬಂದಿತ್ತು.

"ಲೈಟ್ ಹಚ್ಚೇ ಅದರಿ ಅತ್ತಿ," ಎಂದಳು. ಈ ಮನೆಯಲ್ಲಿ ಇನ್ನೊಂದು ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

ಸುಂದರಬಾಯಿ ಹೆಬ್ಬೆರಳನ್ನು ಲಿಂಗದ ಮೇಲಕ್ಕೆ ಇನ್ನಷ್ಟು ಒತ್ತಿ ನೋಡಿದಳು. ಆಮೇಲೆ ಲಿಂಗವನ್ನು ಒರೆಸಿ ಕರಡಿಗೆಯಲ್ಲಿಟ್ಟು, ಎದ್ದು ಗೋಡೆ ಹಿಡಿದು ಚಪ್ಪಲಿ ತಡಕತೊಡಗಿದಳು.

"ಮುಂದಿನ ತಪಾಸಣಿಗಿ ಇನ್ನೂ ಇಪ್ಪತ್ತು ದಿನ ಅದರಿ ಅತ್ತಿ."

"ಇಲ್ಲವ್ವಾ, ಇವತ್ತೇ ಹೋಗೋಣು," ಎಂದಳು ಸುಂದರಬಾಯಿ. "ಈಗಿಂದೀಗ ಕರಕೊಂಡು ನಡಿ. ಬಸ್ ಎಷ್ಟಕ್ಕದ ನೋಡು."